ಹಾರ್ಮೋನಿನ ರಕ್ತದೊತ್ತಡ: ಹೆಣ್ಣು–ಗಂಡಿಗೆ ಒಂದೇ ಅಳತೆ ಸಾಲದು

ರಕ್ತದೊತ್ತಡ ಏರಿದೆಯೆಂದು ತಿಳಿದ ಕೂಡಲೇ ಉಪ್ಪು ಕಡಿಮೆ ಮಾಡಬೇಕು, ತೂಕ ಇಳಿಸಬೇಕು, ಮಾತ್ರೆ ತಪ್ಪಿಸಬಾರದು ಎಂಬ ಸಲಹೆ ಎಲ್ಲರಿಗೂ ದೊರೆಯುತ್ತದೆ. ಆದರೆ ಒತ್ತಡ ಏರಿದ್ದೇಕೆ ಎಂಬ ಪ್ರಶ್ನೆ ಹೆಚ್ಚಿನ ಸಲ ಕೇಳದೆಯೇ ಉಳಿದುಬಿಡುತ್ತದೆ. ಬಹುಪಾಲು ರೋಗಿಗಳಲ್ಲಿ ಇಂಥದೇ ಕಾರಣವೆಂದು ಬೆರಳು ತೋರಿಸಲಾಗದು ಎಂಬುದು ನಿಜವಾದರೂ, ಪ್ರಾಥಮಿಕ ಚಿಕಿತ್ಸೆಗೆ ಬರುವ ರಕ್ತದೊತ್ತಡದ ರೋಗಿಗಳಲ್ಲಿ ಸುಮಾರು ಶೇ 5ರಿಂದ 10ರಷ್ಟು ಮಂದಿಯಲ್ಲಿ, ಮೂರು ಬಗೆಯ ಔಷಧಕ್ಕೂ ಬಗ್ಗದ ಒತ್ತಡವುಳ್ಳವರಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರಲ್ಲಿ, ಅದರ ಮೂಲ ಒಂದು ಹಾರ್ಮೋನಿನಲ್ಲಿದೆ. ಆ ಹಾರ್ಮೋನು ಒತ್ತಡವನ್ನು ಏರಿಸುವುದರ ಜೊತೆಗೆ ಸಕ್ಕರೆ ಮತ್ತು ಕೊಬ್ಬನ್ನು ದೇಹ ಬಳಸಿಕೊಳ್ಳುವ ಬಗೆಯನ್ನೂ ಕೆಡಿಸುತ್ತದೆ. ಆ ಕೆಡುಕು ಹೆಣ್ಣಿನಲ್ಲೂ ಗಂಡಿನಲ್ಲೂ ಒಂದೇ ದಾರಿಯಲ್ಲಿ ಸಾಗುವುದಿಲ್ಲ. ಈ ಭೇದವನ್ನು ರೋಗನಿರ್ಣಯದಲ್ಲೂ ಚಿಕಿತ್ಸೆಯಲ್ಲೂ ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ಇಂದಿನ ವೈದ್ಯಕೀಯ ವ್ಯವಸ್ಥೆಯ ಒಂದು ದೊಡ್ಡ ಕೊರತೆ.

ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಅಲ್ಡೋಸ್ಟೆರೋನ್ ಎಂಬ ಹಾರ್ಮೋನನ್ನು ಸ್ರವಿಸುತ್ತವೆ. ಮೂತ್ರದಲ್ಲಿ ಹೊರಹೋಗಲಿರುವ ಸೋಡಿಯಂ ಅನ್ನು ಹಿಂದಕ್ಕೆ ಎಳೆದುಕೊಂಡು ಪೊಟ್ಯಾಸಿಯಂ ಅನ್ನು ಹೊರಹಾಕುವುದು ಅದರ ಕೆಲಸ. ದೇಹದಲ್ಲಿ ಉಪ್ಪು–ನೀರು ಕಡಿಮೆಯಾದಾಗ ಮೂತ್ರಪಿಂಡವು ರೆನಿನ್ ಎಂಬ ಕಿಣ್ವದ ಮೂಲಕ ಈ ಸ್ರಾವವನ್ನು ಹೆಚ್ಚಿಸುತ್ತದೆ, ಸಾಕಾದಾಗ ತಗ್ಗಿಸುತ್ತದೆ. ಈ ಹತೋಟಿಯನ್ನು ಮೀರಿ ಗ್ರಂಥಿಯು ತಾನೇ ತಾನಾಗಿ ಹಾರ್ಮೋನನ್ನು ಸುರಿಸತೊಡಗುವ ಸ್ಥಿತಿಗೆ ಪ್ರಾಥಮಿಕ ಅಲ್ಡೋಸ್ಟೆರೋನಿಸಂ ಎಂದು ಹೆಸರು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಜೆರೋಮ್ ಕಾನ್ 1954ರಲ್ಲಿ ಇದನ್ನು ಮೊದಲು ಗುರುತಿಸಿ 1955ರಲ್ಲಿ ಪ್ರಕಟಿಸಿದರು. ಅವರು ವಿವರಿಸಿದ ಮೊದಲ ರೋಗಿ ಸ್ನಾಯುಗಳ ನಿಶ್ಶಕ್ತಿ ಮತ್ತು ಸೆಳೆತದಿಂದ ಬಳಲುತ್ತಿದ್ದ 34 ವರ್ಷದ ಮಹಿಳೆ. ಅಡ್ರಿನಲ್ ಗ್ರಂಥಿಯಲ್ಲಿದ್ದ ಗಡ್ಡೆಯನ್ನು ತೆಗೆದ ಮೇಲೆ ಆಕೆ ಚೇತರಿಸಿಕೊಂಡರು.

ಈ ರೋಗಿಗಳಲ್ಲಿ ಸಕ್ಕರೆಯನ್ನು ಅರಗಿಸಿಕೊಳ್ಳುವ ಶಕ್ತಿ ಕುಂದುತ್ತದೆ ಎಂಬುದನ್ನೂ 1965ರಲ್ಲಿ ಕಾನ್ ಅವರೇ ಎತ್ತಿ ತೋರಿಸಿದರು. ಪೊಟ್ಯಾಸಿಯಂ ಕಡಿಮೆಯಾದಾಗ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಸರಿಯಾಗಿ ಹೊರಬರುವುದಿಲ್ಲ. ಅದರ ಜೊತೆಗೆ ಅಲ್ಡೋಸ್ಟೆರೋನ್ ಕೊಬ್ಬಿನ ಅಂಗಾಂಶದಲ್ಲಿ ಉರಿಯೂತವನ್ನು ಕೆರಳಿಸಿ, ಬಂದ ಇನ್ಸುಲಿನ್‌ಗೆ ಜೀವಕೋಶಗಳು ಓಗೊಡದಂತೆ ಮಾಡುತ್ತದೆ. ಇಂಥ ಗ್ರಂಥಿಗಳು ಎಷ್ಟೋ ಸಲ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನನ್ನೂ ಅಧಿಕವಾಗಿ ಸ್ರವಿಸುತ್ತವೆ ಎಂಬುದು 2017ರಲ್ಲಿ ಪ್ರಕಟವಾದ ಅಧ್ಯಯನದಿಂದ ಸ್ಪಷ್ಟವಾಯಿತು. ಹೊಟ್ಟೆಯ ಬೊಜ್ಜಿಗೂ ಸಕ್ಕರೆ ಕಾಯಿಲೆಗೂ ಅದು ಇನ್ನಷ್ಟು ಇಂಬು ಕೊಡುತ್ತದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ನಡೆಸಿದ ವಿಶ್ಲೇಷಣೆಯ ಪ್ರಕಾರ, ಈ ಹಾರ್ಮೋನಿನ ಕಾರಣವಿಲ್ಲದೆ ಒತ್ತಡ ಏರಿದವರಿಗೆ ಹೋಲಿಸಿದರೆ ಈ ರೋಗಿಗಳಲ್ಲಿ ಪಾರ್ಶ್ವವಾಯುವಿನ ಸಂಭವ ಸುಮಾರು ಎರಡೂವರೆ ಪಟ್ಟು, ಹೃದಯದ ಬಡಿತ ತಾಳ ತಪ್ಪುವ ಸಂಭವ ಸುಮಾರು ಮೂರೂವರೆ ಪಟ್ಟು ಇತ್ತು. ಮಧುಮೇಹ ಮತ್ತು ಚಯಾಪಚಯ ಸಂಲಕ್ಷಣದ ಸಂಭವವೂ ಹೆಚ್ಚಾಗಿತ್ತು. ಸೊಂಟದ ಸುತ್ತಳತೆ, ರಕ್ತದೊತ್ತಡ, ಬರಿಹೊಟ್ಟೆಯ ಸಕ್ಕರೆ, ಟ್ರೈಗ್ಲಿಸರೈಡ್ ಎಂಬ ಕೊಬ್ಬು, ಎಚ್‌ಡಿಎಲ್ ಎಂಬ ಒಳ್ಳೆಯ ಕೊಲೆಸ್ಟರಾಲ್ ಈ ಐದರಲ್ಲಿ ಮೂರು ಮಿತಿ ತಪ್ಪಿದರೆ ಅದನ್ನು ಚಯಾಪಚಯ ಸಂಲಕ್ಷಣ ಎನ್ನುತ್ತಾರೆ.

ಈ ಐದರ ಪೈಕಿ ಎರಡರಲ್ಲಿ ವೈದ್ಯಶಾಸ್ತ್ರವು ಹೆಣ್ಣು–ಗಂಡಿನ ಭೇದವನ್ನು ಈಗಾಗಲೇ ಒಪ್ಪಿಕೊಂಡಿದೆ. ಭಾರತೀಯರಿಗೆ ಸೊಂಟದ ಸುತ್ತಳತೆಯ ಮಿತಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ.; ಎಚ್‌ಡಿಎಲ್ ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕೆಳಗಿಳಿದರೆ ಅಪಾಯ. ಹೊಟ್ಟೆಯ ಬೊಜ್ಜಿಗೂ ರಕ್ತದ ಕೊಬ್ಬಿಗೂ ಒಪ್ಪಿಕೊಂಡ ಈ ವಿವೇಕವನ್ನು, ಅವುಗಳನ್ನು ಕೆಡಿಸುವ ಹಾರ್ಮೋನಿನ ವಿಷಯಕ್ಕೆ ಮಾತ್ರ ವಿಸ್ತರಿಸದಿರುವುದು ಅಸಂಗತ.

ಭೇದದ ಬೇರುಗಳು ಆಳವಾಗಿವೆ. ಹೆಣ್ಣಿನ ದೇಹದ ಪ್ರೊಜೆಸ್ಟೆರೋನ್, ಅಲ್ಡೋಸ್ಟೆರೋನ್ ಕುಳಿತುಕೊಳ್ಳಬೇಕಾದ ಗ್ರಾಹಕದಲ್ಲಿ ತಾನೇ ಕುಳಿತು ಅದರ ಪ್ರಭಾವವನ್ನು ತಡೆಯಬಲ್ಲದು. ಆದ್ದರಿಂದ ಗರ್ಭಾವಸ್ಥೆಯಲ್ಲಿ ರೋಗ ಮರೆಯಾಗಿದ್ದು ಹೆರಿಗೆಯ ನಂತರ ಒತ್ತಡ ಹಠಾತ್ತನೆ ಏರುವುದುಂಟು. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಇಳಿದು, ತೊಡೆ–ನಿತಂಬಗಳಲ್ಲಿ ಸೇರುತ್ತಿದ್ದ ಕೊಬ್ಬು ಹೊಟ್ಟೆಯೊಳಗೆ ಸೇರತೊಡಗುತ್ತದೆ. ಕೊಬ್ಬಿನ ಕೋಶಗಳು ಸ್ರವಿಸುವ ಲೆಪ್ಟಿನ್ ಅಡ್ರಿನಲ್ ಗ್ರಂಥಿಯಿಂದ ನೇರವಾಗಿ ಅಲ್ಡೋಸ್ಟೆರೋನ್ ಹೊರಡಿಸಬಲ್ಲದು, ಹೆಣ್ಣು ಇಲಿಗಳಲ್ಲಿ ಈ ದಾರಿ ವಿಶೇಷವಾಗಿ ಪ್ರಬಲ ಎಂದು ಪ್ರಯೋಗಗಳು ತೋರಿಸಿವೆ. ಬೊಜ್ಜು ಹಾರ್ಮೋನನ್ನು ಹೆಚ್ಚಿಸಿ, ಹಾರ್ಮೋನು ಬೊಜ್ಜಿನ ಕೆಡುಕನ್ನು ಹೆಚ್ಚಿಸುವ ಈ ಸುಳಿ ಮನುಷ್ಯರಲ್ಲೂ ಇದ್ದರೆ ಅದರ ಪರಿಣಾಮ ಭಾರತಕ್ಕೆ ಸಣ್ಣದಾಗಿರದು. ಏಕೆಂದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ದತ್ತಾಂಶದಲ್ಲಿ ಹೊಟ್ಟೆಯ ಬೊಜ್ಜು ಮಹಿಳೆಯರಲ್ಲಿ ಶೇ 40ರಷ್ಟು, ಪುರುಷರಲ್ಲಿ ಶೇ 12ರಷ್ಟು ಕಂಡುಬಂದಿದೆ.

ಗಡ್ಡೆಯ ಸ್ವರೂಪದಲ್ಲೂ ವ್ಯತ್ಯಾಸವಿದೆ. ಹಾರ್ಮೋನು ಸುರಿಸುವ ಗಡ್ಡೆಗಳಲ್ಲಿ ಕೆಸಿಎನ್‌ಜೆ5 ಎಂಬ ವಂಶವಾಹಿಯ ದೋಷ 2011ರಲ್ಲಿ ಪತ್ತೆಯಾಯಿತು. ಅದು ಹೆಂಗಸರಲ್ಲಿ, ಅದರಲ್ಲೂ ಚಿಕ್ಕ ವಯಸ್ಸಿನವರಲ್ಲಿ, ಹೆಚ್ಚಾಗಿ ಕಾಣುತ್ತದೆ. ಇಂಥ ಗಡ್ಡೆಯನ್ನು ಕಾಲಕ್ಕೆ ಸರಿಯಾಗಿ ತೆಗೆದರೆ ಫಲವೂ ಚೆನ್ನಾಗಿರುತ್ತದೆ. ಒಂಬತ್ತು ದೇಶಗಳ 705 ರೋಗಿಗಳನ್ನು ಒಳಗೊಂಡು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಯ ನಂತರ ಹಾರ್ಮೋನು ಶೇ 94ರಷ್ಟು ಮಂದಿಯಲ್ಲಿ ಪೂರ್ತಿ ಹತೋಟಿಗೆ ಬಂದರೂ, ಮಾತ್ರೆಯ ಹಂಗಿಲ್ಲದೆ ರಕ್ತದೊತ್ತಡ ಸರಿಹೋದದ್ದು ಶೇ 37ರಷ್ಟು ಮಂದಿಯಲ್ಲಿ ಮಾತ್ರ. ಆ ಭಾಗ್ಯ ಮಹಿಳೆಯರಿಗೂ ಕಿರಿಯರಿಗೂ ಹೆಚ್ಚಾಗಿ ಒದಗಿತು. ವರ್ಷಗಟ್ಟಲೆ ಒತ್ತಡ ತಾಳಿಕೊಂಡು ಗಡುಸಾದ ರಕ್ತನಾಳಗಳು ಹಾರ್ಮೋನು ಇಳಿದ ಮಾತ್ರಕ್ಕೆ ಮೊದಲಿನಂತಾಗುವುದಿಲ್ಲ. ತಡವಾಗಿ ಪತ್ತೆಯಾದ ಪ್ರತಿ ಹೆಣ್ಣುಮಗಳ ಪ್ರಕರಣವೂ ಸಂಪೂರ್ಣ ಗುಣವಾಗಬಹುದಾಗಿದ್ದ ಅವಕಾಶವೊಂದು ಕೈತಪ್ಪಿದಂತೆ.

ಪತ್ತೆ ಮಾಡುವ ರಕ್ತಪರೀಕ್ಷೆಯು ಅಲ್ಡೋಸ್ಟೆರೋನ್ ಮತ್ತು ರೆನಿನ್‌ಗಳ ಅನುಪಾತವನ್ನು ಅಳೆಯುತ್ತದೆ. ಮುಟ್ಟಿನ ಚಕ್ರದ ದ್ವಿತೀಯಾರ್ಧದಲ್ಲಿ ಅಲ್ಡೋಸ್ಟೆರೋನ್ ಸಹಜವಾಗಿಯೇ ಏರುತ್ತದೆ. ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆಗಳು ರೆನಿನ್‌ನ ಪ್ರಮಾಣವನ್ನು ತಗ್ಗಿಸಿ, ರೋಗವಿಲ್ಲದವರಲ್ಲೂ ರೋಗವಿದ್ದಂತೆ ತೋರಿಸಬಲ್ಲವು. ಹೀಗಿರುವಾಗ ಮುಟ್ಟಿನ ದಿನ, ಸೇವಿಸುತ್ತಿರುವ ಮಾತ್ರೆ, ಮುಟ್ಟು ನಿಂತಿದೆಯೇ ಎಂಬುದನ್ನು ಕೇಳದೆ ಓದಿದ ವರದಿ ಅರ್ಧ ವರದಿಯಷ್ಟೇ.

ಗಂಡಸರ ಪಾಡೂ ಹಗುರವಲ್ಲ. ನಿದ್ರೆಯಲ್ಲಿ ಉಸಿರುಗಟ್ಟುವ ತೊಂದರೆ ಅವರಲ್ಲಿ ಹೆಚ್ಚು. ಅದಕ್ಕೂ ಅಲ್ಡೋಸ್ಟೆರೋನ್‌ಗೂ ನಂಟಿದೆ. ಎರಡೂ ಗ್ರಂಥಿಗಳಲ್ಲಿ ರೋಗವಿದ್ದವರಿಗೆ ಶಸ್ತ್ರಚಿಕಿತ್ಸೆಯ ಬದಲು ಕೊಡುವ ಸ್ಪೈರನೊಲ್ಯಾಕ್ಟೋನ್ ಮಾತ್ರೆ ಅಗ್ಗವೂ ಪರಿಣಾಮಕಾರಿಯೂ ಆಗಿದ್ದರೂ ಗಂಡು ಹಾರ್ಮೋನಿಗೂ ಅಡ್ಡಬರುವುದರಿಂದ, ಗಂಡಸರಲ್ಲಿ ಸ್ತನ ಊದಿಕೊಳ್ಳುವುದು, ಹೆಂಗಸರಲ್ಲಿ ಮುಟ್ಟು ಏರುಪೇರಾಗುವುದು ಸಂಭವಿಸುತ್ತದೆ. ಸಂಕೋಚದಿಂದ ಇದನ್ನು ಹೇಳಿಕೊಳ್ಳದೆ ಮಾತ್ರೆ ನಿಲ್ಲಿಸಿದ ರೋಗಿಗೆ, ಆ ಅಡ್ಡಪರಿಣಾಮ ಕಡಿಮೆಯಿರುವ ಎಪ್ಲೆರಿನೋನ್ ಎಂಬ ಪರ್ಯಾಯ ಇದೆಯೆಂಬುದೇ ತಿಳಿದಿರುವುದಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಹಯೋಗದಲ್ಲಿ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನವು ವಯಸ್ಕರಲ್ಲಿ ಶೇ 35.5ರಷ್ಟು ಮಂದಿಗೆ ರಕ್ತದೊತ್ತಡವಿದೆ ಎಂದಿದೆ. ಅವರಲ್ಲಿ ಶೇ 5ರಷ್ಟು ಮಂದಿಗೆ ಮಾತ್ರ ಹಾರ್ಮೋನಿನ ಕಾರಣವಿದೆಯೆಂದು ಇಟ್ಟುಕೊಂಡರೂ, ಪ್ರತಿ ಸಾವಿರ ವಯಸ್ಕರಿಗೆ ಹದಿನೇಳು ಮಂದಿಯಾದರೂ ಆಗುತ್ತಾರೆ. ರಕ್ತದೊತ್ತಡವಿರುವ ಎಲ್ಲರಿಗೂ ಈ ಪರೀಕ್ಷೆಯಾಗಲಿ ಎಂದು ಅಮೆರಿಕದ ಎಂಡೋಕ್ರೈನ್ ಸೊಸೈಟಿಯ 2025ರ ಮಾರ್ಗಸೂಚಿ ಸಲಹೆ ಮಾಡಿದೆ. ಅಷ್ಟು ಖರ್ಚನ್ನು ಇಲ್ಲಿನ ಸರ್ಕಾರಿ ಆಸ್ಪತ್ರೆಗಳು ಒಮ್ಮೆಗೇ ಭರಿಸಲಾರವು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದ್ದರಿಂದ ನಲವತ್ತರೊಳಗೆ ಒತ್ತಡ ಕಾಣಿಸಿಕೊಂಡವರು, ಪೊಟ್ಯಾಸಿಯಂ ಕಡಿಮೆಯಿರುವವರು, ಮೂರು ಔಷಧಕ್ಕೂ ಬಗ್ಗದವರು, ಹೆರಿಗೆಯ ನಂತರವೂ ಒತ್ತಡ ಇಳಿಯದ ಬಾಣಂತಿಯರು ಇವರಿಂದ ಆರಂಭಿಸಿ ಜಿಲ್ಲಾಸ್ಪತ್ರೆಗಳಲ್ಲಿ ಪರೀಕ್ಷೆಯನ್ನು ಒದಗಿಸುವುದು ಸಾಧ್ಯವೂ ಹೌದು, ಕರ್ತವ್ಯವೂ ಹೌದು. ಅದಕ್ಕೂ ಮೊದಲು, ಯಾವ ಖರ್ಚೂ ಇಲ್ಲದೆ ಆಗಬಹುದಾದ ಕೆಲಸವೊಂದಿದೆ: ರಕ್ತದೊತ್ತಡದ ಚೀಟಿಯಲ್ಲಿ ಒತ್ತಡದ ಅಂಕಿಯ ಪಕ್ಕದಲ್ಲೇ ಸೊಂಟದ ಸುತ್ತಳತೆ, ಬರಿಹೊಟ್ಟೆಯ ಸಕ್ಕರೆ, ಮಹಿಳೆಯಾದರೆ ಮುಟ್ಟು ಮತ್ತು ಹೆರಿಗೆಯ ವಿವರಗಳನ್ನು ಬರೆಯುವುದು. ಹೆಣ್ಣಿನ ಮತ್ತು ಗಂಡಿನ ದೇಹಗಳು ಬೇರೆಬೇರೆಯಾಗಿ ಹೇಳುತ್ತಿರುವ ಕಾರಣವನ್ನು ಕೇಳಿಸಿಕೊಳ್ಳುವ ಅಭ್ಯಾಸ ಆ ಚೀಟಿಯಿಂದಲೇ ಶುರುವಾಗಬಲ್ಲದು.