ಎಲೆಯಡಿಕೆ ಡಬ್ಬಿಯೂ ಲೆಕ್ಕಕ್ಕಿದೆ

ಬಾಯಿ, ಗಂಟಲಿನ ಕ್ಯಾನ್ಸರ್ ಎಂದ ಕೂಡಲೇ ಕಣ್ಣ ಮುಂದೆ ಬರುವುದು ಬೀಡಿ ಸೇದುವ, ಗುಟ್ಕಾ ಜಗಿಯುವ ಗಂಡಸರು. ‘ಅಯ್ಯೋ, ನಮಗೆಲ್ಲಿ ಅಂಥ ಚಟ? ನಮಗ್ಯಾಕೆ ಬರುತ್ತೆ ಬಿಡಿ’ ಅಂತ ಪುಟ ತಿರುಗಿಸಬೇಡಿ. ಮನೆಮಂದಿಯ ಆರೋಗ್ಯದ ಲೆಕ್ಕವನ್ನೆಲ್ಲ ಇಡುವ ನಾವು ನಮ್ಮ ಬಾಯಿಯ ಲೆಕ್ಕವನ್ನೇ ಮರೆತಿರುತ್ತೇವೆ.

ಈ ಪ್ರಶ್ನೆಗಳನ್ನು ನಿಮಗೆ ನೀವೇ ಕೇಳಿಕೊಳ್ಳಿ. ಊಟವಾದ ಮೇಲೆ ಎಲೆಯಡಿಕೆ ಬೇಕೇಬೇಕಾ? ಜೊತೆಗೆ ಹೊಗೆಸೊಪ್ಪು, ಕಡ್ಡಿಪುಡಿ ಸೇರುತ್ತದಾ? ನಶ್ಯದಲ್ಲಿ ಹಲ್ಲುಜ್ಜುವ ರೂಢಿ ಇದೆಯಾ? ಟಿ.ವಿ. ನೋಡುತ್ತಾ ಅಡಿಕೆಪುಡಿಯ ಪೊಟ್ಟಣ ಖಾಲಿ ಮಾಡುತ್ತೀರಾ? ಒಂದಕ್ಕೆ ‘ಹೌದು’ ಎಂದರೆ ಕಾಯಿಲೆ ಬಂತು ಅಂತಲ್ಲ, ಆದರೆ ಅಪಾಯ ನಿಮಗೂ ಇದೆ. ವರ್ಷ ಹೆಚ್ಚಾದಷ್ಟೂ, ದಿನಕ್ಕೆ ಹಾಕಿಕೊಳ್ಳುವ ಸಲ ಹೆಚ್ಚಾದಷ್ಟೂ ಅಪಾಯವೂ ಏರುತ್ತದೆ.

‘ನಾನು ಹೊಗೆಸೊಪ್ಪು ಮುಟ್ಟಲ್ಲ, ಬರೀ ಅಡಿಕೆ’ ಎನ್ನುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ನಮ್ಮಲ್ಲಿ ಕೆಲವರಿಗೆ ಈ ಅಭ್ಯಾಸ ಅಂಟುವುದೇ ಬಾಣಂತನದಲ್ಲಿ. ಹಿರಿಯರು ಅಕ್ಕರೆಯಿಂದ ಮಡಿಸಿಕೊಟ್ಟದ್ದು ಮಗು ಶಾಲೆಗೆ ಹೋದರೂ ಬಿಟ್ಟಿರುವುದಿಲ್ಲ! ಅರಿಶಿನ ಕುಂಕುಮದ ತಾಂಬೂಲ ಬೇಡ ಎನ್ನುತ್ತಿಲ್ಲ. ಗೌರವಕ್ಕೆ ಪಡೆಯುವ ತಾಂಬೂಲ ಬೇರೆ, ದಿನವಿಡೀ ದವಡೆಯಲ್ಲಿ ಇಟ್ಟುಕೊಳ್ಳುವುದೇ ಬೇರೆ.

ತಿಂಗಳಿಗೊಮ್ಮೆ ಕನ್ನಡಿ ಮುಂದೆ ನಿಂತು ಕೆನ್ನೆಯ ಒಳಭಾಗ, ನಾಲಿಗೆಯ ಅಂಚು ಮತ್ತು ಅಡಿಭಾಗ, ವಸಡು ನೋಡಿಕೊಳ್ಳಿ. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು, ಕುತ್ತಿಗೆಯಲ್ಲಿ ಗಂಟು, ಸರಿಹೋಗದ ದನಿಯ ಒಡಕು, ನುಂಗಲು ಕಷ್ಟ - ಇವು ಕಂಡರೆ ಅಭ್ಯಾಸ ಇರಲಿ, ಇಲ್ಲದಿರಲಿ, ವೈದ್ಯರ ಬಳಿ ಹೋಗಿ. ಬಾಯಿ ಮೊದಲಿನಷ್ಟು ಅಗಲವಾಗಿ ತೆರೆಯದಿದ್ದರೆ, ಖಾರ ತಾಗಿದರೆ ಉರಿದರೆ ಅದೂ ಅಡಿಕೆ ಕೊಡುವ ಮುನ್ಸೂಚನೆ. ನೋವಿಲ್ಲ ಅಂತ ಸುಮ್ಮನಿರಬೇಡಿ, ಶುರುವಿನಲ್ಲಿ ನೋವೇ ಇರುವುದಿಲ್ಲ.

ಮೂವತ್ತು ದಾಟಿದವರ ಬಾಯಿ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳ ಕಾರ್ಯಕ್ರಮದಲ್ಲೇ ಇದೆ. ದಂತವೈದ್ಯರೂ ನೋಡುತ್ತಾರೆ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಂಬಾಕು ಇಲ್ಲವೇ ಮದ್ಯದ ಅಭ್ಯಾಸವಿದ್ದವರ ಬಾಯನ್ನು ಹೀಗೆ ಬರಿಗಣ್ಣಲ್ಲಿ ಪರೀಕ್ಷಿಸಿದ್ದರಿಂದಲೇ ಬಾಯಿ ಕ್ಯಾನ್ಸರ್ ಸಾವುಗಳು ಕಡಿಮೆಯಾಗಿದ್ದವು. ಐದು ನಿಮಿಷದ ಕೆಲಸ. ಅತ್ತೆ, ಅಮ್ಮನ ಡಬ್ಬಿಯಲ್ಲೂ ಹೊಗೆಸೊಪ್ಪು ಇದ್ದರೆ ಅವರನ್ನೂ ಜೊತೆಗೇ ಕರೆದುಕೊಂಡು ಹೋಗಿ.