ಇಂಜಿನ್‌ಗೆ ನುಗ್ಗಿದ ನೀರು: ಸಾಹಸದ ಬೆಲೆ ಯಾರ ಖಾತೆಗೆ?

ತೊಗರಿ ಮತ್ತು ಹತ್ತಿಯ ವಹಿವಾಟನ್ನು ನೆಚ್ಚಿರುವ ಅಂದೋಲಾ, ಜೇವರ್ಗಿ, ಅಫಜಲಪುರ ಭಾಗದ ವರ್ತಕರ ಬಂಡವಾಳದ ಗಣನೀಯ ಪಾಲು ಇಂಜಿನ್‌ಗಳಲ್ಲಿ ತೊಡಗಿರುತ್ತದೆ. ಸರಕು ಸಾಗಿಸುವ ಮಿನಿ ಲಾರಿ, ಟ್ರ್ಯಾಕ್ಟರ್, ದಾಲ್ ಮಿಲ್ಲಿನ ಜನರೇಟರ್, ಹೊಳೆದಂಡೆಯ ಡೀಸೆಲ್ ಪಂಪು ಇವೆಲ್ಲವೂ ಲೆಕ್ಕಪತ್ರದಲ್ಲಿ ಸ್ಥಿರಾಸ್ತಿಗಳೆಂದು ನಮೂದಾಗುತ್ತವೆ. ಪ್ರತಿವರ್ಷ ಅವುಗಳ ಸವಕಳಿಯನ್ನು ತಪ್ಪದೆ ಲೆಕ್ಕ ಹಾಕುವ ವರ್ತಕರು, ಒಂದೇ ಗಳಿಗೆಯಲ್ಲಿ ಅವುಗಳ ಬೆಲೆಯನ್ನು ಕರಗಿಸಬಲ್ಲ ಅಪಾಯವೊಂದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದು ವಿರಳ. ಆ ಅಪಾಯವೆಂದರೆ ಇಂಜಿನ್ನಿನೊಳಗೆ ನೀರು ಸೇರುವುದು. 2020ರ ಅಕ್ಟೋಬರ್‌ನಲ್ಲಿಯೂ 2025ರ ಸೆಪ್ಟೆಂಬರ್‌ನಲ್ಲಿಯೂ ಭೀಮಾ ನದಿ ಉಕ್ಕಿ ಹರಿದು ಕಲಬುರಗಿ ಜಿಲ್ಲೆಯ ನದಿತೀರದ ಊರುಗಳನ್ನು ನಡುಗಿಸಿದ ಮೇಲಾದರೂ ಈ ವಿಷಯದ ವಿವೇಚನೆ ಅಗತ್ಯವಾಗಿದೆ.

ಇಂಜಿನ್ ಕೆಲಸ ಮಾಡುವುದು ಗಾಳಿಯನ್ನು ಅದುಮುವುದರಿಂದ. ಗಾಳಿ ಅದುಮಿದಷ್ಟೂ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಅರ್ಧ ಲೀಟರ್ ಸಾಮರ್ಥ್ಯದ ಒಂದು ಡೀಸೆಲ್ ಸಿಲಿಂಡರ್‌ನಲ್ಲಿ ಅದುಮುವಿಕೆಯ ಪ್ರಮಾಣ 18ಕ್ಕೆ 1 ಇದ್ದರೆ, ಪಿಸ್ಟನ್ ತುದಿಗೆ ಏರಿದಾಗ ಅದರ ಮೇಲೆ ಉಳಿಯುವ ಜಾಗ ಸುಮಾರು 30 ಮಿಲಿಲೀಟರ್ ಮಾತ್ರ. ಅಂದರೆ ಎರಡು ದೊಡ್ಡ ಚಮಚದಷ್ಟು ನೀರು ಸೇರಿದರೂ ಪಿಸ್ಟನ್ನಿಗೆ ಮೇಲೇರಲು ಎಡೆ ಇರುವುದಿಲ್ಲ. ಆಗ ಕನೆಕ್ಟಿಂಗ್ ರಾಡ್ ಬಾಗುತ್ತದೆ ಇಲ್ಲವೆ ಮುರಿಯುತ್ತದೆ. ಕೆಲವೊಮ್ಮೆ ಇಂಜಿನ್ನಿನ ಬ್ಲಾಕ್ ಕೂಡ ಒಡೆಯುತ್ತದೆ. ಇದನ್ನೇ ತಂತ್ರಜ್ಞರು ಹೈಡ್ರೋಲಾಕ್ ಎನ್ನುತ್ತಾರೆ.

ನೀರಿಗಾಗಿಯೇ ನಿರ್ಮಿಸಿದ ಯಂತ್ರಕ್ಕೂ ಈ ಅಪಾಯ ತಪ್ಪಿದ್ದಲ್ಲ. ಜೆಟ್ ಬೋಟನ್ನು ಉದಾಹರಣೆಯಾಗಿ ನೋಡಬಹುದು. ನ್ಯೂಜಿಲೆಂಡಿನ ವಿಲಿಯಂ ಹ್ಯಾಮಿಲ್ಟನ್ 1950ರ ದಶಕದಲ್ಲಿ ಬಳಕೆಗೆ ತಂದ ಈ ದೋಣಿ ತಳದಿಂದ ನೀರನ್ನು ಹೀರಿ ಹಿಂದಕ್ಕೆ ಚಿಮ್ಮುತ್ತ ಮುನ್ನುಗ್ಗುತ್ತದೆ. 1977ರಲ್ಲಿ ಎಡ್ಮಂಡ್ ಹಿಲರಿಯವರ ತಂಡ ಗಂಗಾನದಿಯ ಪ್ರವಾಹಕ್ಕೆ ಎದುರಾಗಿ ಹಿಮಾಲಯದತ್ತ ಸಾಗಿದ್ದು ಇಂತಹ ದೋಣಿಗಳಲ್ಲಿಯೇ. ಆದರೆ ಪಂಪಿಗೆ ನೀರು ಬೇಕಾದಷ್ಟೇ ಇಂಜಿನ್ನಿಗೆ ಒಣಗಾಳಿ ಬೇಕು. ಪ್ರೇಕ್ಷಕರ ಮೆಚ್ಚುಗೆಗಾಗಿ ದೋಣಿಯನ್ನು ಗಿರ್ರನೆ ತಿರುಗಿಸಿದಾಗ ಅಥವಾ ಅದರ ಮೂತಿಯನ್ನು ಅಲೆಯೊಳಗೆ ಮುಳುಗಿಸಿದಾಗ, ಮೇಲಿನಿಂದ ನುಗ್ಗಿದ ನೀರು ಗಾಳಿಯ ಮಾರ್ಗವಾಗಿ ಸಿಲಿಂಡರನ್ನು ಸೇರಬಹುದು. ಜೆಟ್ ಸ್ಕೀಯಂತಹ ಸಣ್ಣ ವಾಹನ ಮಗುಚಿಬಿದ್ದಾಗ ಅದನ್ನು ಯಾವ ದಿಕ್ಕಿಗೆ ಹೊರಳಿಸಿ ಎತ್ತಬೇಕೆಂದು ತಯಾರಕರೇ ಪಟ್ಟಿ ಅಂಟಿಸಿರುತ್ತಾರೆ. ತಪ್ಪು ದಿಕ್ಕಿಗೆ ಹೊರಳಿಸಿದರೆ ಸೈಲೆನ್ಸರ್ ಭಾಗದಲ್ಲಿರುವ ನೀರು ಇಂಜಿನ್ನಿಗೆ ಇಳಿಯುತ್ತದೆ. ನೀರಿನ ಮೇಲೆಯೇ ಬಾಳುವ ಯಂತ್ರದ ಸ್ಥಿತಿ ಇದಾದರೆ, ರಸ್ತೆಗಾಗಿ ಮಾಡಿದ ಲಾರಿಯನ್ನು ಮುಳುಗಿದ ಸೇತುವೆಯ ಮೇಲೆ ನುಗ್ಗಿಸುವುದು ಎಂತಹ ಸಾಹಸವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಆದರೂ ಮಳೆಗಾಲದಲ್ಲಿ ಈ ಸಾಹಸ ನಡೆಯುತ್ತಲೇ ಇರುತ್ತದೆ. ದಂಡೆಯಲ್ಲಿ ನಿಂತವರು ಮೊಬೈಲಿನಲ್ಲಿ ಚಿತ್ರೀಕರಿಸುತ್ತಿರುವಾಗ ಚಾಲಕನು ಹಳ್ಳದ ನೀರಿಗೆ ವಾಹನ ಇಳಿಸುತ್ತಾನೆ. ದೋಷವನ್ನೆಲ್ಲ ಅವನ ಮೇಲೆ ಹೊರಿಸುವುದು ಸುಲಭ. ಆದರೆ ಮಾರುಕಟ್ಟೆ ಮುಚ್ಚುವುದರೊಳಗೆ ಮಾಲು ತಲುಪಲೇಬೇಕೆಂದು ಮೇಲಿಂದ ಮೇಲೆ ಫೋನ್ ಮಾಡುವ ಮಾಲೀಕನೂ ಆ ಸಾಹಸದಲ್ಲಿ ಪಾಲುದಾರನೆಂಬುದನ್ನು ಮರೆಯಬಾರದು. ಚಾಲಕನ ಪ್ರಾಣಕ್ಕೆ ಬರಬಹುದಾದ ಅಪಾಯವನ್ನು ಯಾವ ಖಾತೆಯಲ್ಲೂ ಬರೆಯಲಾಗದು. ವಾಹನದ ನಷ್ಟವಂತೂ ನೇರವಾಗಿ ಮಾಲೀಕನ ಖಾತೆಗೇ ಬರುತ್ತದೆ.

ಇಲ್ಲಿ ಹೆಚ್ಚಿನವರು ವಿಮೆಯನ್ನು ನಂಬಿರುತ್ತಾರೆ. ಕಾನೂನಿನ ಪ್ರಕಾರ ಕಡ್ಡಾಯವಾಗಿರುವ ಮೂರನೆಯ ವ್ಯಕ್ತಿಯ ವಿಮೆಯಿಂದ ಸ್ವಂತ ವಾಹನದ ಹಾನಿಗೆ ಒಂದು ಪೈಸೆಯೂ ದೊರೆಯುವುದಿಲ್ಲ. ಸಮಗ್ರ ಪಾಲಿಸಿಯಲ್ಲಿ ಪ್ರವಾಹದಿಂದಾದ ಹಾನಿಗೆ ರಕ್ಷಣೆ ಇದೆ. ಆದರೆ ಅದೇ ಪಾಲಿಸಿಯು ಪರಿಣಾಮಜನ್ಯ ನಷ್ಟವನ್ನೂ ಯಾಂತ್ರಿಕ ವೈಫಲ್ಯವನ್ನೂ ಹೊರಗಿಡುತ್ತದೆ. ಅವಘಡದ ನಂತರ ಅಗತ್ಯ ದುರಸ್ತಿ ಮಾಡಿಸದೆ ವಾಹನ ಓಡಿಸಿದರೆ, ಹೆಚ್ಚಿದ ಹಾನಿಗೆ ವಿಮೆದಾರನೇ ಹೊಣೆಯೆಂಬ ಷರತ್ತೂ ಅದರಲ್ಲಿದೆ. ನೀರಿನಲ್ಲಿ ನಿಂತ ವಾಹನವನ್ನು ಮತ್ತೆ ಚಾಲೂ ಮಾಡಲು ಯತ್ನಿಸಿದ್ದರಿಂದಲೇ ಇಂಜಿನ್ ಒಡೆಯಿತೆಂದು ಕಂಪನಿಗಳು ವಾದಿಸುವುದು ಈ ಆಧಾರದ ಮೇಲೆಯೇ. 2005ರ ಜುಲೈ 26ರಂದು ಮುಂಬಯಿಯಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಸಾವಿರಾರು ವಾಹನಗಳು ಮುಳುಗಿದ ಘಟನೆ ಈ ಅಪಾಯದ ವ್ಯಾಪ್ತಿಯನ್ನು ದೇಶಕ್ಕೆ ತೋರಿಸಿಕೊಟ್ಟಿತು. ಇಂದು ಹೆಚ್ಚುವರಿ ಪ್ರೀಮಿಯಂ ಪಡೆದು ಇಂಜಿನ್ ರಕ್ಷಣೆ ನೀಡುವ ಪೂರಕ ವಿಮೆಗಳಿವೆ. ವಾಹನದ ವಯಸ್ಸು, ವಿಧ ಮತ್ತು ಷರತ್ತುಗಳು ಕಂಪನಿಯಿಂದ ಕಂಪನಿಗೆ ಬೇರೆಯಾಗುವುದರಿಂದ, ಸರಕು ವಾಹನಕ್ಕೆ ಅದು ಅನ್ವಯಿಸುವುದೇ ಎಂಬುದನ್ನು ಪಾಲಿಸಿ ನವೀಕರಣದ ಸಮಯದಲ್ಲಿಯೇ ಬರಹದಲ್ಲಿ ಕೇಳಿ ಪಡೆಯುವುದು ಲೇಸು.

ಕ್ಲೇಮು ಮಂಜೂರಾದರೂ ಪೂರ್ಣ ಹಣ ಕೈಸೇರುವುದಿಲ್ಲ. ಸಾಮಾನ್ಯ ಪಾಲಿಸಿಯ ಪ್ರಕಾರ ಮೂರು ವರ್ಷ ದಾಟಿ ನಾಲ್ಕು ವರ್ಷ ಮೀರದ ವಾಹನದ ಲೋಹದ ಬಿಡಿಭಾಗಗಳಿಗೆ ಶೇ. 25ರಷ್ಟು, ರಬ್ಬರ್ ಮತ್ತು ಪ್ಲಾಸ್ಟಿಕ್ ಭಾಗಗಳಿಗೆ ಶೇ. 50ರಷ್ಟು ಸವಕಳಿ ಕಡಿತವಾಗುತ್ತದೆ. ಒಂದು ಲಕ್ಷ ರೂಪಾಯಿಯ ಲೋಹದ ಬಿಡಿಭಾಗ ಬದಲಿಸಿದರೆ 25,000 ರೂಪಾಯಿಯನ್ನು ಮಾಲೀಕನೇ ಭರಿಸಬೇಕು. ದುರಸ್ತಿ ವೆಚ್ಚವನ್ನು ಆದಾಯ ತೆರಿಗೆಯಲ್ಲಿ ಕಳೆಯಬಹುದಲ್ಲ ಎಂಬ ಸಮಾಧಾನವೂ ಅರ್ಧ ಸತ್ಯವೇ. ಶೇ. 30ರ ದರದಲ್ಲಿ ತೆರಿಗೆ ಕಟ್ಟುವ ಪಾಲುದಾರಿಕೆ ಸಂಸ್ಥೆಗೆ, ಸೆಸ್ ಮುಂತಾದವನ್ನು ಬಿಟ್ಟರೆ, ನೂರು ರೂಪಾಯಿ ನಷ್ಟದಲ್ಲಿ ಮೂವತ್ತು ರೂಪಾಯಿಯಷ್ಟೇ ಉಳಿತಾಯ. ಉಳಿದ ಎಪ್ಪತ್ತು ರೂಪಾಯಿ ಬಂಡವಾಳದಿಂದಲೇ ಹೋಗುತ್ತದೆ. ಲಾರಿ ಗ್ಯಾರೇಜಿನಲ್ಲಿ ನಿಂತ ದಿನಗಳ ಬಾಡಿಗೆ ನಷ್ಟವಂತೂ ಲೆಕ್ಕಕ್ಕೇ ಬರುವುದಿಲ್ಲ.

ಗಿರಣಿ ಮತ್ತು ಸಣ್ಣ ಕೈಗಾರಿಕೆಗಳ ಮಾಲೀಕರಿಗೆ 2021ರ ಏಪ್ರಿಲ್ 1ರಿಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಎಂಬ ಪಾಲಿಸಿ ಲಭ್ಯವಾಗಿದೆ. ಒಂದು ಸ್ಥಳದಲ್ಲಿ 5 ಕೋಟಿ ರೂಪಾಯಿವರೆಗಿನ ಆಸ್ತಿಗೆ ಅನ್ವಯಿಸುವ ಇದರಲ್ಲಿ ಪ್ರವಾಹದ ಹಾನಿಯೂ ಸೇರಿದೆ. ಜನರೇಟರ್ ಮೊದಲಾದ ಯಂತ್ರಗಳನ್ನು ಈಗಿನ ಬೆಲೆಯಲ್ಲಿ ಅದರೊಳಗೆ ಸೇರಿಸಲಾಗಿದೆಯೇ ಎಂಬುದನ್ನು ಪರಿಶೀಲಿಸಿಕೊಳ್ಳಬೇಕು.

ಎಲ್ಲಕ್ಕಿಂತ ಅಗ್ಗದ ರಕ್ಷಣೆಯೆಂದರೆ ಶಿಸ್ತು. ಭೀಮೆಯ ಪ್ರವಾಹಕ್ಕೆ ಸ್ಥಳೀಯ ಮಳೆಯೊಂದೇ ಕಾರಣವಲ್ಲ. ಮಹಾರಾಷ್ಟ್ರದ ಉಜನಿ ಮುಂತಾದ ಜಲಾಶಯಗಳಿಂದ ಬಿಡುವ ನೀರೂ ಕಾರಣ. ಆ ನೀರು ಇಲ್ಲಿಗೆ ತಲುಪಲು ಹಿಡಿಯುವ ಕಾಲವೇ ಪಂಪು, ಜನರೇಟರ್ ಮತ್ತು ವಾಹನಗಳನ್ನು ಎತ್ತರಕ್ಕೆ ಸಾಗಿಸುವ ಅವಕಾಶ. ನೀರಿನಲ್ಲಿ ಇಂಜಿನ್ ನಿಂತುಹೋದರೆ ಚಾವಿ ತಿರುಗಿಸಲೇಬಾರದು. ವಾಹನವನ್ನು ಎಳೆಸಿ ತಂದು, ಬ್ಯಾಟರಿಯ ಸಂಪರ್ಕ ತಪ್ಪಿಸಿ, ಚಿತ್ರ ತೆಗೆದು, ಕೂಡಲೇ ವಿಮಾ ಕಂಪನಿಗೆ ತಿಳಿಸಬೇಕು. ಮೆಕ್ಯಾನಿಕ್‌ನು ಡೀಸೆಲ್ ಇಂಜಿನ್ನಿನ ಇಂಜೆಕ್ಟರ್ ಅಥವಾ ಪೆಟ್ರೋಲ್ ಇಂಜಿನ್ನಿನ ಪ್ಲಗ್ ಬಿಚ್ಚಿ, ಕೈಯಿಂದ ತಿರುಗಿಸಿ ನೀರು ಹೊರಹಾಕಬೇಕು. ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ಅದರಲ್ಲಿ ನೀರು ಬೆರೆತಿದೆಯೆಂದೇ ಅರ್ಥ. ಆಯಿಲ್ ಮತ್ತು ಫಿಲ್ಟರ್‌ಗಳನ್ನು ಬದಲಿಸದೆ ಇಂಜಿನ್ ಚಾಲೂ ಮಾಡಬಾರದು.

ಈ ಸೂಚನೆಗಳನ್ನು ಕನ್ನಡದಲ್ಲಿ ಬರೆದು ಪ್ರತಿ ವಾಹನದಲ್ಲಿ ಅಂಟಿಸುವುದಕ್ಕೆ ತಗಲುವ ವೆಚ್ಚ ಅತ್ಯಲ್ಪ. ಅದಕ್ಕಿಂತ ಮುಖ್ಯವಾದುದು, ನೀರು ಕಂಡಲ್ಲಿ ನಿಲ್ಲುವ ಚಾಲಕನಿಗೆ ತಡವಾದ ಕಾರಣಕ್ಕೆ ಕೂಲಿ ಕಡಿತವಾಗದೆಂಬ ಮಾಲೀಕನ ಸ್ಪಷ್ಟ ಭರವಸೆ. ಒಂದು ದಿನ ತಡವಾಗಿ ತಲುಪಿದ ತೊಗರಿ ಅದೇ ಬೆಲೆಗೆ ಮಾರಾಟವಾಗದಿರಬಹುದು. ಆದರೆ ಆ ವ್ಯತ್ಯಾಸವು ಒಂದು ಇಂಜಿನ್ನಿನ ಬೆಲೆಗೆ, ಅದಕ್ಕೂ ಮಿಗಿಲಾಗಿ ಒಂದು ಜೀವದ ಬೆಲೆಗೆ ಸಮನಾಗದು. ಮುಂದಿನ ಮಳೆಗಾಲಕ್ಕೆ ಮುನ್ನ ವರ್ತಕ ಬಾಂಧವರು ತಮ್ಮ ಪಾಲಿಸಿಗಳನ್ನು ಒಮ್ಮೆ ತೆರೆದು ಓದುವುದು ಒಳಿತು.