ಐದು ಕಿಲೋ ಮತ್ತು ಒಂದು ಸೂಜಿ

ದೀಪಾವಳಿ ಸೂಟಿಗೆ ಪುಣೆಯಿಂದ ಬಂದ ಮಗಳು ಮುಂಜಾನೆ ಚಹಾ ಕುಡಿಯುತ್ತ, "ಅವ್ವಾ, ನೀ ಆ ತೂಕ ಇಳಸೂ ಇಂಜೆಕ್ಷನ್ ಯಾಕ ತಗೋಬಾರದು? ರೊಕ್ಕ ನಾ ಕಳಸ್ತೀನಿ" ಎಂದಳು. ಮಾಘಮಾಸದಲ್ಲಿ ಅವಳ ತಮ್ಮನ ಮದುವೆ. ಫೋಟೋದಲ್ಲಿ ಅವ್ವ ತೆಳ್ಳಗೆ ಕಾಣಲಿ ಎಂಬುದು ಅವಳ ಆಸೆ. ಪ್ರೀತಿಯಿಂದಲೇ ಹೇಳಿದ ಮಾತು. ಆದರೂ ನನಗೆ ಚುಚ್ಚಿತು. ಚುಚ್ಚಿದ್ದಕ್ಕೆ ಕಾರಣ, ಆ ಆಸೆ ನನಗೂ ಇತ್ತು ಎಂಬುದೇ.

ನನಗೆ 56 ವರ್ಷ. ಎತ್ತರ ಐದಡಿ ಒಂದಿಂಚು, ತೂಕ 66 ಕಿಲೋ. ಈ ತೂಕ ಒಂದೇ ದಿನ ಬಂದದ್ದಲ್ಲ. ಅದರಲ್ಲಿ ನನ್ನ ವರ್ಗಾವಣೆಯ ಚರಿತ್ರೆಯೇ ಇದೆ. ನೌಕರಿಗೆ ಸೇರಿದಾಗ ಇಂಡಿ ತಾಲೂಕಿನ ಹಳ್ಳಿಯೊಂದರಲ್ಲಿ ಬಸ್ಸಿಳಿದು ಲಿಂಬೆ ತೋಟಗಳ ಬದಿಯಿಂದ ಮೂರು ಕಿಲೋಮೀಟರ್ ನಡೆದು ಶಾಲೆ ಮುಟ್ಟುತ್ತಿದ್ದೆ. ಆಗ ನಾನು 48 ಕಿಲೋ. ಸಿಂದಗಿಯಲ್ಲಿ ಎರಡು ಬಾಣಂತನವಾಯಿತು. ಅಂಟಿನ ಉಂಡಿ, ತುಪ್ಪ, ಮೇಲೆ ಅತ್ತೆಯವರ ಅಂತಃಕರಣ. ಮುದ್ದೇಬಿಹಾಳಕ್ಕೆ ಬಂದಾಗ ಮನೆಯವರು ಸ್ಕೂಟಿ ಕೊಡಿಸಿದರು, ನಡೆಯುವುದು ನಿಂತಿತು. ಬಸವನ ಬಾಗೇವಾಡಿಗೆ ಬಂದ ಮೇಲೆ ಪಾಠಕ್ಕಿಂತ ರಜಿಸ್ಟರೇ ಹೆಚ್ಚಾಗಿ ಕುರ್ಚಿ ಕಾಯಂ ಆಯಿತು. ಅಷ್ಟರಲ್ಲಿ ಮುಟ್ಟು ನಿಂತು ಮೈಯ ಕೊಬ್ಬೆಲ್ಲ ಹೊಟ್ಟೆಗೆ ಇಳಿಯಿತು. ಈಗ ರಕ್ತದೊತ್ತಡಕ್ಕೆ ದಿನಕ್ಕೊಂದು ಗುಳಿಗೆ ಇದೆ. ಸಕ್ಕರೆ ಇಲ್ಲ.

ಮಗಳ ಮಾತು ಹಿಡಿದು ವಿಜಯಪುರದ ಡಾಕ್ಟರೊಬ್ಬರ ಹತ್ತಿರ ಹೋದೆ. ಅವರು ಸಮಾಧಾನವಾಗಿ ಕೇಳಿ, ಎತ್ತರ ತೂಕ ಲೆಕ್ಕ ಹಾಕಿ, ಬಿ.ಎಂ.ಐ. 27.5 ಎಂದರು. ಈ ಲೆಕ್ಕ 30 ದಾಟಿದವರಿಗೆ, ಇಲ್ಲವೆ 27 ದಾಟಿ ಜೊತೆಗೆ ರಕ್ತದೊತ್ತಡದಂಥ ತೊಂದರೆ ಇದ್ದವರಿಗೆ ಈ ಔಷಧ ಬರೆಯಬಹುದಂತೆ. "ಅಕ್ಕೋರ, ನಿಮಗ ಬರದು ಕೊಟ್ರ ತಪ್ಪೇನಿಲ್ಲ. ಆದ್ರ ಶುರು ಮಾಡಿದ್ದು ಬಿಡೂದು ಯಾವಾಗ ಅಂತ ನೀವಽ ಹೇಳ್ರಿ" ಎಂದರು. ನಾನು ಮದುವೆಯ ತಾರೀಖು ಹೇಳಲು ಬಾಯಿ ತೆರೆದವಳು ಹಾಗೆಯೇ ಮುಚ್ಚಿದೆ.

ಅಂದಿನಿಂದ ಇದನ್ನು ಓದಿ, ಕೇಳಿ, ನನ್ನೊಳಗೇ ಜಗಳಾಡಿ ಒಂದು ತೀರ್ಮಾನಕ್ಕೆ ಬಂದಿದ್ದೇನೆ. ನಾಲ್ಕೈದು ಕಿಲೋ ಇಳಿಸುವುದಕ್ಕಾಗಿ ನಮ್ಮಂಥವರು ಈ ಔಷಧ ಕೇಳಬಾರದು. ಹಾಗೆಂದು ಸೂಜಿ ತೆಗೆದುಕೊಳ್ಳುವವರೆಲ್ಲ ಮೈಗಳ್ಳರು ಎನ್ನುವವರ ಪಂಗಡಕ್ಕೂ ನಾನು ಸೇರಿದವಳಲ್ಲ.

ಮೊದಲು ಆ ಔಷಧದ ಮಾತು. ಉಂಡಾಗ ನಮ್ಮ ಕರುಳಿನಲ್ಲಿ ಒಂದು ಹಾರ್ಮೋನು ಹುಟ್ಟಿ, ಸಾಕು ಎಂದು ಮಿದುಳಿಗೆ ಹೇಳುತ್ತದೆ. ಅದರ ನಕಲೇ ಈ ಔಷಧ. ಜಠರದಿಂದ ಅನ್ನ ಮುಂದೆ ಸಾಗುವುದನ್ನು ನಿಧಾನ ಮಾಡಿ ಹಸಿವನ್ನು ತಗ್ಗಿಸುತ್ತದೆ. ಅಮೇರಿಕದ ಮರುಭೂಮಿಯ ವಿಷಹಲ್ಲಿಯೊಂದರ ಜೊಲ್ಲಿನಲ್ಲಿ ಸಿಕ್ಕ ವಸ್ತುವಿನಿಂದ ಈ ಜಾತಿಯ ಮೊದಲ ಔಷಧ 2005ರಲ್ಲಿ ಬಂದಿತು, ಅದೂ ಸಕ್ಕರೆ ಕಾಯಿಲೆಗೆ. ನಂತರ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಬಂದವು. 2025ರ ಮಾರ್ಚಿನಲ್ಲಿ ಮೌಂಜಾರೊ, ಜೂನಿನಲ್ಲಿ ವೆಗೋವಿ ನಮ್ಮ ದೇಶದ ಅಂಗಡಿಗೆ ಇಳಿದವು. ಇವು ಮೋಸದ ಔಷಧಗಳಲ್ಲ. 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಸೆಮಾಗ್ಲುಟೈಡ್ ತೆಗೆದುಕೊಂಡವರ ತೂಕ 68 ವಾರಗಳಲ್ಲಿ ಸರಾಸರಿ ನೂರಕ್ಕೆ 15ರಷ್ಟು ಇಳಿಯಿತು. ಇಷ್ಟು ಕೆಲಸ ಮಾಡಿದ ಗುಳಿಗೆ ಹಿಂದೆ ಇರಲಿಲ್ಲ.

ಆದರೆ ಅದೇ ಪರೀಕ್ಷೆಯ ಮುಂದಿನ ಭಾಗವನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಔಷಧ ನಿಲ್ಲಿಸಿದ ಒಂದು ವರ್ಷದಲ್ಲಿ, ಇಳಿದ ತೂಕದ ಮೂರರಲ್ಲಿ ಎರಡು ಪಾಲು ಮರಳಿ ಬಂದಿತು. ಅಂದರೆ ಇದು ಮದುವೆಗೆಂದು ಬಾಡಿಗೆಗೆ ತರುವ ಒಡವೆಯಲ್ಲ, ಮನೆಗೆ ಬಂದ ಮೇಲೆ ಇದ್ದುಬಿಡುವ ನೆಂಟ. ಡಾಕ್ಟರು ಕೇಳಿದ ಪ್ರಶ್ನೆಯ ಅರ್ಥ ಇದೇ ಆಗಿತ್ತು.

ಇನ್ನು ದುಡ್ಡಿನ ಲೆಕ್ಕ. ಮೌಂಜಾರೊ ಬಂದಾಗ ವಾರಕ್ಕೊಂದು ಬಾಟಲಿಗೆ ಸಣ್ಣ ಪ್ರಮಾಣದ್ದಕ್ಕೆ 3,500 ರೂಪಾಯಿ, ಅದರ ಮೇಲಿನದಕ್ಕೆ 4,375. ಮೊದಲ ನಾಲ್ಕು ವಾರ ಸಣ್ಣದು, ಮುಂದಿನ ಎಂಟು ವಾರ ದೊಡ್ಡದು ಎಂದರೆ ಮೂರು ತಿಂಗಳಿಗೆ 49,000 ರೂಪಾಯಿ. ನಮ್ಮ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕಿ ನಾಲ್ಕು ತಿಂಗಳು ಪಾಠ ಮಾಡಿದರೂ ಅಷ್ಟು ಕೈಗೆ ಬರುವುದಿಲ್ಲ. ದುಡ್ಡು ತುಟ್ಟಿಯೆಂಬುದಷ್ಟೇ ನನ್ನ ವಾದವಾದರೆ ಅದು ಬಹುಕಾಲ ನಿಲ್ಲದು. ಸೆಮಾಗ್ಲುಟೈಡಿನ ಪೇಟೆಂಟು ನಮ್ಮಲ್ಲಿ 2026ರ ಮಾರ್ಚ್‌ವರೆಗಿನದು; ಆಮೇಲೆ ದರ ಇಳಿಯುವುದೇ ದಾರಿ. ಔಷಧ ಸೋವಿಯಾದಷ್ಟೂ ನಾವು ಹೆಚ್ಚು ಯೋಚಿಸಬೇಕು, ಏಕೆಂದರೆ ಆಗ ದುಡ್ಡು ನಮ್ಮನ್ನು ತಡೆಯುವುದಿಲ್ಲ.

"ರಕ್ತದೊತ್ತಡದ ಗುಳಿಗೆಯನ್ನು ಜೀವನಪೂರ್ತಿ ನುಂಗುತ್ತೀರಿ, ಇದಕ್ಕೇನು ತಕರಾರು?" ಎಂದು ಮಗಳು ಕೇಳಿದಳು. ಒಳ್ಳೆಯ ಪ್ರಶ್ನೆ. ಆ ಗುಳಿಗೆ ನನ್ನ ಮಿದುಳು, ಮೂತ್ರಪಿಂಡಗಳನ್ನು ಕಾಯುತ್ತದೆ. ಈ ಸೂಜಿಯಿಂದ ನಾನು ಕಾಯಿಸಿಕೊಳ್ಳಬೇಕೆಂದದ್ದು ಯಾವುದನ್ನು? ಪ್ರಾಮಾಣಿಕವಾಗಿ ಹೇಳುತ್ತೇನೆ, ಕುಪ್ಪಸದ ಅಳತೆಯನ್ನು. ಅದಕ್ಕಾಗಿ ವಾಂತಿ, ಓಕರಿಕೆ, ಮಲಬದ್ಧತೆ ಸಹಿಸಬೇಕು. ಕೆಲವರಿಗೆ ಪಿತ್ತಕೋಶದಲ್ಲಿ ಕಲ್ಲು, ಮೇದೋಜೀರಕ ಗ್ರಂಥಿಯ ಉರಿಯೂತವೂ ಆಗುವುದುಂಟು. ಮನೆತನದಲ್ಲಿ ಒಂದು ಬಗೆಯ ಥೈರಾಯ್ಡ್ ಕ್ಯಾನ್ಸರ್ ಇದ್ದರೆ ಮುಟ್ಟಲೇಬಾರದು. ಇಳಿಯುವ ತೂಕದಲ್ಲಿ ಕೊಬ್ಬಿನೊಡನೆ ಮಾಂಸಖಂಡವೂ ಹೋಗುತ್ತದೆ. ಐವತ್ತು ದಾಟಿದ ಹೆಂಗಸಿಗೆ ಮಾಂಸಖಂಡ ಹೋದರೆ ಉಳಿಯುವುದೇನು? ಬಚ್ಚಲಲ್ಲಿ ಜಾರಿದಾಗ ಅದೇ ಅಲ್ಲವೆ ನಮ್ಮನ್ನು ಹಿಡಿಯುವುದು?

ಇದಕ್ಕಿಂತ ಹೆಚ್ಚಿನ ಭಯ ಇನ್ನೊಂದು. ನನ್ನ ಪರಿಚಯದ ಹೆಣ್ಣುಮಗಳೊಬ್ಬಳು ಡಾಕ್ಟರ ಚೀಟಿಯಿಲ್ಲದೆ, ಗುರುತಿನ ಅಂಗಡಿಯಿಂದ ಇಂಥದ್ದೇ ಔಷಧ ತರಿಸಿಕೊಂಡಳು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ನಾಲ್ಕು ದಿನ ವಾಂತಿಯಾಗಿ, ನೀರು ಕೂಡ ನಿಲ್ಲದೆ ಸಲಾಯಿನ್ ಹಚ್ಚಿಸಿಕೊಂಡಳು. ಅವಳ ತೂಕ 58 ಕಿಲೋ! ಅವಳನ್ನು ನಾನು ಬೈಯಲಾರೆ. "ಏನ್ ಬಾಳ ಮೈ ಬಂದದಲ್ಲ" ಎಂದು ಪ್ರತಿ ಮದುವೆ, ಪ್ರತಿ ಸೀಮಂತದಲ್ಲಿ ಅವಳಿಗೆ ಹೇಳಿದ ನಾವೆಲ್ಲರೂ ಆ ಸೂಜಿಯನ್ನು ಹಿಡಿದವರೇ. ನಾಚಿಕೆಗೆ ಅಂಗಡಿಯಲ್ಲಿ ಔಷಧ ಹುಡುಕಿದವರ ಕಥೆ ಹೊಸದೂ ಅಲ್ಲ. ಅಮೇರಿಕದಲ್ಲಿ ಫೆನ್-ಫೆನ್ ಎಂಬ ಜೋಡಿ ಗುಳಿಗೆ ತೂಕ ಇಳಿಸಿತು, ಹೃದಯದ ಕವಾಟ ಕೆಡಿಸಿತು. 1997ರಲ್ಲಿ ಅದರೊಳಗಿನ ಫೆನ್‌ಫ್ಲೂರಮಿನನ್ನು ಹಿಂತೆಗೆದುಕೊಂಡರು. ಸಿಬುಟ್ರಮಿನ್ ಹೃದಯಾಘಾತದ ಭಯದಿಂದ 2010ರಲ್ಲಿ ಅಲ್ಲಿ ಹೋಯಿತು, ನಮ್ಮಲ್ಲೂ ನಿಷೇಧವಾಯಿತು. ಹೊಸ ಔಷಧ ಅವುಗಳಂತಲ್ಲ, ಒಪ್ಪುತ್ತೇನೆ. ನಾವು ಮಾತ್ರ ಅಂದಿನವರೇ ಇದ್ದೇವೆ.

ಹಾಗಾದರೆ ಯಾರು ತೆಗೆದುಕೊಳ್ಳಬೇಕು? ತೂಕದಿಂದ ಮೊಣಕಾಲು ಮಡಚಲಾಗದವರು, ಸಕ್ಕರೆ ಹತೋಟಿಗೆ ಬರದವರು, ನಿದ್ದೆಯಲ್ಲಿ ಉಸಿರು ನಿಲ್ಲುವವರು, ಏನೆಲ್ಲ ಮಾಡಿಯೂ ಸೋತವರು. ಅವರು ಡಾಕ್ಟರ ಹತ್ತಿರ ತಲೆಯೆತ್ತಿ ಹೋಗಲಿ. "ಊಟ ಬಲ್ಲವನಿಗೆ ರೋಗವಿಲ್ಲ" ಎಂಬ ಗಾದೆಯಿಂದ ಅವರ ತಲೆಗೆ ಹೊಡೆಯುವವರಿಗೆ ನನ್ನದೊಂದೇ ಮಾತು: ಆ ಗಾದೆಯಲ್ಲಿ ಊಟ ಬಲ್ಲವನು ಇದ್ದಾನೆ, ಊಟ ಬಡಿಸಿ ಉಳಿದದ್ದು ಕೆಡಬಾರದೆಂದು ತಿನ್ನುವವಳು ಇಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿರಿ. 15ರಿಂದ 49 ವಯಸ್ಸಿನ ನಮ್ಮ ದೇಶದ ಹೆಂಗಸರಲ್ಲಿ ನೂರಕ್ಕೆ 24 ಮಂದಿ ದಪ್ಪ, ಸುಮಾರು 19 ಮಂದಿ ತೀರ ತೆಳ್ಳಗೆ, 57 ಮಂದಿಗೆ ರಕ್ತಹೀನತೆ. ದಪ್ಪವಾಗಿದ್ದೂ ರಕ್ತವಿಲ್ಲದವಳು ಸೋಮಾರಿಯಲ್ಲ. ಅವಳ ತಾಟಿನಲ್ಲಿ ಅನ್ನ ಇದೆ, ಕಾಳು ಪಲ್ಯೆ ಇಲ್ಲ.

ನಮ್ಮಂಥ ನಡುವಿನವರಿಗೆ ನೆಮ್ಮದಿ ಕೊಡುವ ಸಂಗತಿಯೊಂದಿದೆ. ಸಕ್ಕರೆಯ ಹೊಸ್ತಿಲಲ್ಲಿ ನಿಂತ ಭಾರತೀಯರ ಮೇಲೆ ಚೆನ್ನೈಯ ವೈದ್ಯರು ನಡೆಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ನಡಿಗೆ ಮತ್ತು ಊಟದ ಶಿಸ್ತಿನಿಂದ ಕಾಯಿಲೆ ಬರುವ ಸಂಭವ ನೂರಕ್ಕೆ 28ರಷ್ಟು ಕಡಿಮೆಯಾಯಿತು. ವಿಶೇಷವೆಂದರೆ ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲೇ ಇಲ್ಲ. ತಕ್ಕಡಿ ಅಲುಗಾಡದಿದ್ದರೂ ದೇಹ ಸುಧಾರಿಸಬಲ್ಲದು. ನಾನು ಇದನ್ನು ಮಗಳಿಗೆ ಎರಡು ಸಲ ಓದಿ ಹೇಳಿದೆ.

ಆದರೆ ನಡೆಯುವುದು ಎಲ್ಲಿ? ನಮ್ಮ ನಾಲ್ಕೂ ತಾಲೂಕಿನ ಊರುಗಳಲ್ಲಿ ಮುಂಜಾನೆ ನಡೆಯುವ ಹೆಂಗಸರು ದೀಪವಿಲ್ಲದ ರಸ್ತೆಯ ಅಂಚು, ನಾಯಿ, ಟ್ರ್ಯಾಕ್ಟರುಗಳ ನಡುವೆ ಜೀವ ಹಿಡಿದು ಹೋಗುತ್ತಾರೆ. ಸಂಜೆ ಹೊರಟರೆ "ಅಡಗಿ ಆತೇನ್ರಿ ಅಕ್ಕೋರ?" ಎಂಬ ಪ್ರಶ್ನೆ. ಊರಿಗೊಂದು ಶಾಲೆಯ ಮೈದಾನವನ್ನು ಸಂಜೆ ಒಂದು ತಾಸು ಹೆಂಗಸರಿಗೆ ಬಿಟ್ಟು ಎರಡು ದೀಪ ಹಾಕಿದರೆ ಪುರಸಭೆಗೆ ಎಷ್ಟು ಖರ್ಚು? ಹಸಿವನ್ನು ಕೊಲ್ಲುವ ಔಷಧ ನಮ್ಮೂರಿಗೆ ಬರುವಷ್ಟು ಬೇಗ ಆ ದೀಪಗಳು ಬರುವುದಿಲ್ಲ. ನನ್ನ ಸಿಟ್ಟು ಇರುವುದು ಇಲ್ಲಿ.

ನಾನು ಚೀಟಿ ಬರೆಯಿಸಿಕೊಳ್ಳಲಿಲ್ಲ. ತಕ್ಕಡಿಯನ್ನು ಅಟ್ಟಕ್ಕೆ ಹಾಕಿ ದರ್ಜಿಯ ಟೇಪು ತಂದಿಟ್ಟುಕೊಂಡೆ. ನಮ್ಮ ದೇಶದ ಹೆಂಗಸರಿಗೆ ಸೊಂಟ 80 ಸೆಂಟಿಮೀಟರ್ ದಾಟಬಾರದು ಎನ್ನುತ್ತಾರೆ, ನನ್ನದು 92. ಸ್ಕೂಟಿ ಬಿಟ್ಟು ಶಾಲೆಗೆ ನಡೆದು ಹೋಗುತ್ತೇನೆ. ರಾತ್ರಿ ಅನ್ನದ ಬದಲು ಒಂದು ಜೋಳದ ರೊಟ್ಟಿ, ಕಾಳು ಪಲ್ಯೆ, ಮೊಸರು. ಉಳಿದ ಅನ್ನ ಆಕಳಿಗೆ. ಸಂಜೆ ಐದು ಜನ ಗೆಳತಿಯರು ನಮ್ಮ ಶಾಲೆಯ ಮೈದಾನದಲ್ಲಿ ಸುತ್ತು ಹಾಕುತ್ತೇವೆ, ದೀಪಕ್ಕಾಗಿ ಅರ್ಜಿಯನ್ನೂ ಕೊಟ್ಟಿದ್ದೇವೆ. ಮುಂದೆ ಸಕ್ಕರೆ ಬಂದು ಡಾಕ್ಟರೇ ಈ ಸೂಜಿ ಬೇಕೆಂದರೆ ತೆಗೆದುಕೊಳ್ಳುತ್ತೇನೆ, ಮುಚ್ಚುಮರೆಯಿಲ್ಲದೆ.

ಮಗಳು ಮೊನ್ನೆ ಫೋನಿನಲ್ಲಿ, "ಎಷ್ಟ ಇಳೀತವ್ವಾ?" ಎಂದು ಕೇಳಿದಳು. "ಸೊಂಟ ಎರಡು ಸೆಂಟಿಮೀಟರ್" ಎಂದೆ. ಆಚೆ ಒಂದು ಗಳಿಗೆ ಸುಮ್ಮನಿದ್ದು, "ಮದಿವಿಗೆ ಇಳಕಲ್ ಸೀರಿ ಉಡು, ನಿನಗ ಚಂದ ಕಾಣ್ತದ" ಎಂದಳು. ಕುಪ್ಪಸದ ಹೊಲಿಗೆ ಸ್ವಲ್ಪ ಬಿಚ್ಚಿಸಲು ನಾಳೆ ದರ್ಜಿಯ ಹತ್ತಿರ ಹೋಗಬೇಕು, ನಡೆದುಕೊಂಡೇ.